ಹಳ್ಳಿಗೆ ಕರೆಂಟು ಬಂದರೆ ಜನರಿಗೆ ಆದ ಲಾಭವನ್ನು ಅಳೆಯುವುದು ಹೇಗೆ?

ಕಂದೀಲು

ಎಲ್ಲರಿಗೂ ನಮಸ್ಕಾರ. ನಾನೊಂದು ಸಣ್ಣ ಸಂಸ್ಥೆಯಲ್ಲಿ ಹಳ್ಳಿ ಸಮೀಕ್ಷೆಗಳ ಕೆಲಸ ಮಾಡುತ್ತೇನೆ. ಇದುವರೆಗೆ ಲೈನ್ ಎಳೆಯದ ಕೆಲವು ಹಳ್ಳಿಗಳಿಗೆ ಇನ್ನು ಹಂತ ಹಂತವಾಗಿ ಕರೆಂಟು ಬರಲಿದೆ. ಅದರಿಂದ ಅಲ್ಲಿನ ಜನರ ಬದುಕಿನಲ್ಲಿ ಏನು ಬದಲಾಯಿತು ಎಂದು ಅಳೆದು ಹೇಳುವ ಹೊಣೆ ನಮ್ಮದು.

ಹಣ ಕೊಡುವವರು ಕೇಳುತ್ತಿರುವುದು ಒಂದೇ ಅಂಕಿ. ಎಷ್ಟು ಮನೆಗೆ ಸಂಪರ್ಕ ಸಿಕ್ಕಿತು? ಹೆಚ್ಚೆಂದರೆ ಇನ್ನೊಂದು. ಹಾಕಿದ ಹಣಕ್ಕೆ ಎಷ್ಟು ಹಣದ ಲಾಭವಾಯಿತು? ಮೊದಲನೆಯದು ಕಂಬ ತಂತಿಯ ಲೆಕ್ಕ, ಲಾಭದ ಲೆಕ್ಕವೇ ಅಲ್ಲ. ಎರಡನೆಯದಕ್ಕೆ ಉತ್ತರ ಕೊಡುವುದು ಹೇಗೆ? ಮಕ್ಕಳು ಸಂಜೆ ಓದುವುದು, ರಾತ್ರಿ ಹೆರಿಗೆಗೆ ಬೆಳಕಿರುವುದು, ಕತ್ತಲಾದ ಮೇಲೂ ಹೆಂಗಸರು ಧೈರ್ಯವಾಗಿ ಓಡಾಡುವುದು. ಇವನ್ನೆಲ್ಲ ಹಣದಲ್ಲಿ ಹೇಳಲೇಬೇಕಾ?

ಲೈನ್ ಬರುವ ಮೊದಲೇ ಒಂದು ಸುತ್ತು ಸಮೀಕ್ಷೆ ಮಾಡುವ ಅವಕಾಶ ಇದೆ. ಏನು ಕೇಳಬೇಕು, ಯಾರನ್ನು ಕೇಳಬೇಕು? ಸಮೀಕ್ಷೆ ಬಲ್ಲವರು, ಲೈನ್ ಕೆಲಸ ಕಂಡವರು, ಆಸ್ಪತ್ರೆ ಶಾಲೆಗಳಲ್ಲಿ ಇರುವವರು ದಯವಿಟ್ಟು ಬರೆಯಿರಿ.

ಅಳತೆಗೋಲು

ಲೈನ್ ಬರುವ ಮೊದಲೇ ಕೇಳುತ್ತಿದ್ದೀರಲ್ಲ, ಅದೇ ದೊಡ್ಡದು. ಹೆಚ್ಚಿನವರು ಎಲ್ಲ ಮುಗಿದ ಮೇಲೆ ಕೇಳುತ್ತಾರೆ. ಆಗ ಮೊದಲು ಹೇಗಿತ್ತು ಎಂಬುದು ಜನರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ನೆನಪು ಕರೆಂಟಿನ ಪರವಾಗಿ ವಾಲುತ್ತದೆ.

ಎಲ್ಲರೂ ಎಡವುವ ಜಾಗ ಒಂದಿದೆ. ಕರೆಂಟು ಇರುವ ಹಳ್ಳಿಯನ್ನೂ ಇಲ್ಲದ ಹಳ್ಳಿಯನ್ನೂ ಅಕ್ಕಪಕ್ಕ ಇಟ್ಟು, ಆದಾಯದಲ್ಲಿ ಕಂಡ ವ್ಯತ್ಯಾಸವನ್ನೆಲ್ಲ ಕರೆಂಟಿನ ಖಾತೆಗೆ ಬರೆದುಬಿಡುತ್ತಾರೆ. ಆದರೆ ಲೈನ್ ಮೊದಲು ಹೋಗುವುದು ಎಲ್ಲಿಗೆ? ರಸ್ತೆ ಹತ್ತಿರ ಇರುವ, ಜನ ಜಾಸ್ತಿ ಇರುವ, ದುಡ್ಡು ಓಡಾಡುವ ಊರಿಗೆ. ಆ ಊರು ಕರೆಂಟು ಬರದಿದ್ದರೂ ಮುಂದೇ ಇರುತ್ತಿತ್ತು, ಅಲ್ವಾ? ಒಂದೇ ಹಳ್ಳಿಯೊಳಗೂ ಹಾಗೆಯೇ. ಮೊದಲು ಮೀಟರ್ ಹಾಕಿಸಿಕೊಳ್ಳುವುದು ಕೈಯಲ್ಲಿ ಕಾಸಿರುವ ಮನೆ.

ಇದನ್ನು ದಾಟಲು ಸಂಶೋಧಕರು ಜಾಣ ದಾರಿಗಳನ್ನು ಹುಡುಕಿದ್ದಾರೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಅಧ್ಯಯನವನ್ನು ಟ್ಯಾರಿನ್ ಡಿಂಕೆಲ್‌ಮನ್ 2011ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ನೆಲದ ಇಳಿಜಾರನ್ನು. ಸಮತಟ್ಟಾದ ಕಡೆ ಲೈನ್ ಎಳೆಯುವುದು ಅಗ್ಗ, ಗುಡ್ಡದ ಕಡೆ ದುಬಾರಿ. ಹಾಗಾಗಿ ಯಾವ ಊರಿಗೆ ಮೊದಲು ಕರೆಂಟು ಬಂತು ಎಂಬುದನ್ನು ಸ್ವಲ್ಪ ಮಟ್ಟಿಗೆ ನೆಲವೇ ನಿರ್ಧರಿಸಿತ್ತು. ಆ ವ್ಯತ್ಯಾಸವನ್ನು ಹಿಡಿದು ನೋಡಿದಾಗ, ನೂರು ಹೆಂಗಸರಲ್ಲಿ ಕೆಲಸಕ್ಕೆ ಹೋಗುವವರ ಸಂಖ್ಯೆ ಸುಮಾರು 9 ಹೆಚ್ಚಾದದ್ದು ಕಂಡಿತು. ಮನೆಯಲ್ಲಿ ಸೌದೆ, ಅಡುಗೆ, ದೀಪಕ್ಕೆ ಹೋಗುತ್ತಿದ್ದ ಸಮಯ ಉಳಿದದ್ದೇ ಕಾರಣ ಎಂದು ಅವರು ವಿವರಿಸುತ್ತಾರೆ.

ನಿಮಗೆ ಇಷ್ಟು ಕಷ್ಟ ಬೇಡ. ಹಂತ ಹಂತವಾಗಿ ಬರುತ್ತದೆ ಎಂದಿರಿ. ಕೊನೆಯ ಹಂತದ ಹಳ್ಳಿಗಳನ್ನು ಈಗಲೇ ಸಮೀಕ್ಷೆಗೆ ಸೇರಿಸಿಕೊಳ್ಳಿ. ಅವುಗಳಿಗೂ ಕರೆಂಟು ಬರುತ್ತದೆ, ಸ್ವಲ್ಪ ತಡವಾಗಿ. ಅಲ್ಲಿಯವರೆಗೆ ಅವೇ ನಿಮ್ಮ ಹೋಲಿಕೆಯ ಹಳ್ಳಿಗಳು. ಯಾರಿಗೂ ಅನ್ಯಾಯ ಆಗುವುದಿಲ್ಲ. ಸಾಧ್ಯವಿದ್ದರೆ ಹಂತಗಳ ಕ್ರಮವನ್ನು ಚೀಟಿ ಎತ್ತಿ ತೀರ್ಮಾನಿಸಲು ಕೇಳಿ. ಎರಡೂ ಸುತ್ತಿನ ಸಮೀಕ್ಷೆ ಒಂದೇ ಹಂಗಾಮಿನಲ್ಲಿ ಇರಲಿ. ಕೊಯ್ಲಿನ ತಿಂಗಳ ಆದಾಯವನ್ನು ಬೇಸಿಗೆಯ ಆದಾಯಕ್ಕೆ ಹೋಲಿಸಬಾರದು.

ಲೈನ್‌ಕಂಬ

ವಿದ್ಯುತ್ ವಿತರಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕಂದೀಲು ಅವರೇ, ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. "ಕರೆಂಟು ಬಂತು" ಎಂದು ನೀವು ಯಾವಾಗ ಬರೆಯುತ್ತೀರಿ?

ಭಾರತದಲ್ಲಿ 2004ರಿಂದ ಇರುವ ನಿಯಮ ನೋಡಿ. ಊರಿನಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಲೈನ್ ಇರಬೇಕು. ಶಾಲೆ, ಪಂಚಾಯಿತಿ, ಆರೋಗ್ಯ ಕೇಂದ್ರದಂಥ ಸಾರ್ವಜನಿಕ ಜಾಗಕ್ಕೆ ಕರೆಂಟು ಇರಬೇಕು. ಕನಿಷ್ಠ ಶೇ 10ರಷ್ಟು ಮನೆಗಳಿಗೆ ಸಂಪರ್ಕ ಇರಬೇಕು. ಇಷ್ಟಾದರೆ ಆ ಹಳ್ಳಿ ವಿದ್ಯುದೀಕರಣ ಆದಂತೆ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಹಳ್ಳಿಗೆ ಕರೆಂಟು ಮುಟ್ಟಿದಾಗ ದೇಶದ ಎಲ್ಲ ಹಳ್ಳಿಗಳೂ ಮುಗಿದವು ಎಂದು ಘೋಷಣೆಯಾಯಿತು. ಅದು ದೊಡ್ಡ ಸಾಧನೆಯೇ. ಅಷ್ಟೊಂದು ಕಂಬ ನೆಟ್ಟವರ ಕಷ್ಟ ನನಗೆ ಗೊತ್ತು. ಆದರೆ ಹತ್ತರಲ್ಲಿ ಒಂಬತ್ತು ಮನೆ ಕತ್ತಲಲ್ಲಿದ್ದರೂ ಹಳ್ಳಿ ಪಟ್ಟಿಗೆ ಸೇರಬಹುದಿತ್ತು. ಪ್ರತಿ ಮನೆಗೂ ಸಂಪರ್ಕ ಕೊಡಲು 2017ರಲ್ಲಿ ಸೌಭಾಗ್ಯ ಎಂಬ ಬೇರೆ ಯೋಜನೆಯನ್ನೇ ತರಬೇಕಾಯಿತು.

ಸಂಪರ್ಕ ಇದ್ದ ಮಾತ್ರಕ್ಕೆ ಕರೆಂಟು ಇರುತ್ತದೆ ಎಂದೇನೂ ಇಲ್ಲ. ದಿನಕ್ಕೆ ಎಷ್ಟು ಗಂಟೆ? ಅದರಲ್ಲಿ ಸಂಜೆ ಎಷ್ಟು ಗಂಟೆ? ವೋಲ್ಟೇಜ್ ಎಷ್ಟು? ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಬದಲಿಸಲು ಎಷ್ಟು ದಿನ? ವಿಶ್ವಬ್ಯಾಂಕ್‌ನ ಇಂಧನ ವಿಭಾಗ 2015ರಲ್ಲಿ ಒಂದು ಅಳತೆಯ ಚೌಕಟ್ಟು ಕೊಟ್ಟಿದೆ. ಇದೆ ಅಥವಾ ಇಲ್ಲ ಎನ್ನುವ ಬದಲು 0ರಿಂದ 5ರವರೆಗೆ ಹಂತಗಳು. 1ನೇ ಹಂತ ಎಂದರೆ ಕನಿಷ್ಠ 3 ವಾಟ್, ದಿನಕ್ಕೆ 4 ಗಂಟೆ, ಸಂಜೆ 1 ಗಂಟೆ. ಅಂದರೆ ಒಂದು ಸಣ್ಣ ದೀಪ, ಫೋನ್ ಚಾರ್ಜ್. 5ನೇ ಹಂತಕ್ಕೆ 2 ಕಿಲೋವಾಟ್, ದಿನಕ್ಕೆ 23 ಗಂಟೆ ಬೇಕು. ಎಷ್ಟು ಹೊತ್ತು ಇರುತ್ತದೆ, ಎಷ್ಟು ಸಲ ಹೋಗುತ್ತದೆ, ವೋಲ್ಟೇಜ್ ಸರಿ ಇದೆಯಾ, ಬಿಲ್ಲು ಕಟ್ಟುವಂತಿದೆಯಾ, ಸಂಪರ್ಕ ಅಧಿಕೃತವಾ, ಸುರಕ್ಷಿತವಾ, ಇವನ್ನೂ ನೋಡುತ್ತಾರೆ.

ಇದು ಲಾಭದ ಅಂಕಿಯನ್ನೇ ಬದಲಿಸುತ್ತದೆ. ಭಾರತದ ಹಳ್ಳಿಗಳ 1994ರಿಂದ 2005ರವರೆಗಿನ ಮಾಹಿತಿ ನೋಡಿದ ಒಂದು ಅಧ್ಯಯನದಲ್ಲಿ, ಬರೀ ಸಂಪರ್ಕದಿಂದ ಕೃಷಿಯೇತರ ಆದಾಯ ಸುಮಾರು ಶೇ 9 ಏರಿತ್ತು. ಸಂಪರ್ಕದ ಜೊತೆಗೆ ಪೂರೈಕೆಯೂ ಚೆನ್ನಾಗಿದ್ದಲ್ಲಿ ಏರಿಕೆ ಶೇ 28 ದಾಟಿತ್ತು. ತಂತಿ ಒಂದೇ, ಫಲ ಮೂರು ಪಟ್ಟು.

ಕೆಲವು ಮನೆಗಳಲ್ಲಿ ವೋಲ್ಟೇಜ್ ದಾಖಲಿಸುವ ಸಣ್ಣ ಯಂತ್ರ ಇಡಿ. "ಕರೆಂಟು ಚೆನ್ನಾಗಿದೆಯಾ" ಎಂದು ಕೇಳಿದರೆ ಕೆಲವರು ಸೌಜನ್ಯಕ್ಕೆ ಹೌದು ಎನ್ನುತ್ತಾರೆ. ಇನ್ನು ಕೆಲವರು ನಿನ್ನೆ ಹೋದ ಕರೆಂಟಿನ ಸಿಟ್ಟಿನಲ್ಲಿ ಇಲ್ಲವೇ ಇಲ್ಲ ಎನ್ನುತ್ತಾರೆ. ಯಂತ್ರಕ್ಕೆ ಎರಡೂ ಇಲ್ಲ.

ತೂಗುತಕ್ಕಡಿ

ಇಲ್ಲಿ ಎಲ್ಲರೂ ಲಾಭ ಇದ್ದೇ ಇದೆ, ಹಿಡಿಯುವುದಷ್ಟೇ ಬಾಕಿ ಎಂದುಕೊಂಡು ಮಾತಾಡುತ್ತಿದ್ದೀರಿ. ನನಗೆ ಅಷ್ಟು ಖಾತ್ರಿ ಇಲ್ಲ. ಬಜೆಟ್ ಹಂಚುವ ಕಡೆ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಒಂದು ಕಡೆಗೆ ಹಣ ಹೋದರೆ ಇನ್ನೊಂದು ಕಡೆಗೆ ಇಲ್ಲ. ಕುಡಿಯುವ ನೀರು, ರಸ್ತೆ, ದಾದಿಯ ಸಂಬಳ, ಎಲ್ಲಕ್ಕೂ ಅದೇ ಹಣ.

ಕೆನ್ಯಾದಲ್ಲಿ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಕೆನೆತ್ ಲೀ, ಎಡ್ವರ್ಡ್ ಮಿಗೆಲ್, ಕ್ಯಾಥರೀನ್ ವೋಲ್ಫ್ರಮ್ ಮಾಡಿದ್ದು. 150 ಸಮುದಾಯಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಕೆಲವು ಕಡೆ ಸಂಪರ್ಕದ ಶುಲ್ಕ ಪೂರ್ತಿ ಮನ್ನಾ ಮಾಡಿದರು, ಕೆಲವು ಕಡೆ ಸ್ವಲ್ಪ ಇಳಿಸಿದರು. ಉಚಿತ ಎಂದಾಗ ಹೆಚ್ಚೂಕಡಿಮೆ ಎಲ್ಲರೂ ಪಡೆದರು. ಬೆಲೆ ಏರುತ್ತಿದ್ದಂತೆ ಪಡೆಯುವವರು ಬೇಗ ಬೇಗ ಕಡಿಮೆಯಾದರು. ಜನ ಕೊಡಲು ಸಿದ್ಧವಿದ್ದ ಹಣ, ಲೈನ್ ಎಳೆಯಲು ಆಗುವ ಖರ್ಚಿಗಿಂತ ಬಹಳ ಕಡಿಮೆ ಇತ್ತು. ಸಂಪರ್ಕ ಪಡೆದವರನ್ನು 16 ತಿಂಗಳ ನಂತರ, ಮತ್ತೆ 32 ತಿಂಗಳ ನಂತರ ನೋಡಿದರು. ಆದಾಯ, ಆರೋಗ್ಯ, ಮಕ್ಕಳ ಕಲಿಕೆ, ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ.

ಭಾರತದಲ್ಲೂ 2005ರಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯ ಬಗ್ಗೆ ಅಧ್ಯಯನ ಇದೆ. ಯೋಜನೆಗೆ ಸೇರಲು ಕನಿಷ್ಠ 300 ಜನ ಇರಬೇಕು ಎಂಬ ಗಡಿ ಇತ್ತು. ಅದರ ಸ್ವಲ್ಪ ಮೇಲಿನ ಮತ್ತು ಸ್ವಲ್ಪ ಕೆಳಗಿನ ಹಳ್ಳಿಗಳನ್ನು ಹೋಲಿಸಿದರು. ರಾತ್ರಿ ಬೆಳಕು ಉಪಗ್ರಹಕ್ಕೆ ಕಾಣುವಷ್ಟು ಹೆಚ್ಚಾಗಿತ್ತು. ಉದ್ಯೋಗ, ಆಸ್ತಿ, ಶಾಲೆ ದಾಖಲಾತಿಯಲ್ಲಿ ದೊಡ್ಡ ಬದಲಾವಣೆ ಇರಲಿಲ್ಲ.

ಇದಕ್ಕೆ ಏನು ಹೇಳುತ್ತೀರಿ? ಸುಮ್ನೆ ಜಗಳಕ್ಕೆ ಕೇಳುತ್ತಿಲ್ಲ. ನಿಜವಾಗಿಯೂ ಉತ್ತರ ಬೇಕು.

ಲೈನ್‌ಕಂಬ

300 ಜನರ ಹಳ್ಳಿಯಲ್ಲಿ ಒಂದು ಗಿರಣಿ ಹಾಕಿದರೆ ಅದಕ್ಕೆ ಗಿರಾಕಿ ಎಷ್ಟು ಸಿಗುತ್ತಾರೆ ಸರ್? ಅದೇ ಅಧ್ಯಯನದವರು ದೊಡ್ಡ ಹಳ್ಳಿಗಳಲ್ಲಿ ಫಲ ಬೇರೆ ಇದೆ, ಸುಮಾರು 2,000 ಜನರ ಊರುಗಳಲ್ಲಿ ಲಾಭ ಖರ್ಚನ್ನು ಮೀರಬಹುದು ಎಂದೂ ತೋರಿಸಿದ್ದಾರೆ. ಆ ಅರ್ಧವನ್ನೂ ಹೇಳಬೇಕು.

ಕೊಟ್ಟ ಕರೆಂಟು ಎಷ್ಟು ಎಂಬುದನ್ನೂ ನೋಡಬೇಕು. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯಲ್ಲಿ ಸಣ್ಣ ಸೌರ ಜಾಲದ ಮೇಲೆ ಒಂದು ಪ್ರಯೋಗ ನಡೆದಿತ್ತು. ಫಲಿತಾಂಶ ಬಂದದ್ದು 2017ರಲ್ಲಿ. ಮನೆಗೆ ಎಲ್‌ಇಡಿ ದೀಪ ಮತ್ತು ಫೋನ್ ಚಾರ್ಜ್, ಅಷ್ಟೇ. ಸೀಮೆಎಣ್ಣೆ ಖರ್ಚು ಇಳಿಯಿತು. ಉಳಿತಾಯ, ವ್ಯಾಪಾರ, ಓದಿನ ಸಮಯ ಏನೂ ಬದಲಾಗಲಿಲ್ಲ. ಎರಡು ಎಲ್‌ಇಡಿ ಕೊಟ್ಟು ಹೊಲಿಗೆ ಯಂತ್ರ ಓಡಲಿಲ್ಲ ಎಂದರೆ ತಪ್ಪು ಯಾರದು?

ಅಳತೆಗೋಲು

ತೂಗುತಕ್ಕಡಿ ಅವರು ಹೇಳಿದ ಎರಡೂ ಅಧ್ಯಯನ ಗಟ್ಟಿ ಕೆಲಸ. ಪಕ್ಕಕ್ಕೆ ಸರಿಸುವಂಥವಲ್ಲ. ಆದರೆ ಅವು ಏನನ್ನು ಅಳೆದವು ಎಂದು ನೋಡೋಣ.

ಜನ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದು ಲಾಭದ ಅಳತೆ ಅಂತ ಅರ್ಥಶಾಸ್ತ್ರ ಹೇಳುತ್ತದೆ. ಕೈಯಲ್ಲಿ ಕಾಸು ಇರುವವರ ಮಟ್ಟಿಗೆ ಅದು ಸರಿ. ಕೈ ಖಾಲಿ ಇದ್ದು, ಸಾಲವೂ ಹುಟ್ಟದಿದ್ದರೆ? ಎಷ್ಟೇ ಬೇಕಿದ್ದರೂ ಅವರು ಹೇಳುವ ಅಂಕಿ ಸಣ್ಣದೇ. ಆಗ ನಾವು ಅಳೆದದ್ದು ಬೇಕು ಎಂಬುದನ್ನಲ್ಲ, ಬಡತನವನ್ನು. ಕೆನ್ಯಾದ ಸಂಶೋಧಕರೂ ಈ ಮಾತು ಎತ್ತಿದ್ದಾರೆ. ಸಾಲದ ಅಭಾವ, ಪದೇ ಪದೇ ಕರೆಂಟು ಹೋಗುವುದು, ಸಂಪರ್ಕ ಸಿಗಲು ಆಗುವ ತಡ, ಇವೆಲ್ಲ ಬೇಡಿಕೆಯನ್ನು ಕುಗ್ಗಿಸಿರಬಹುದು ಎಂದು ಅವರೇ ಬರೆದಿದ್ದಾರೆ.

ಕಾಲದ ವಿಷಯವೂ ಇದೆ. 32 ತಿಂಗಳಲ್ಲಿ ಒಂದು ಮನೆ ಬಲ್ಬು ಹಾಕಿಕೊಳ್ಳುತ್ತದೆ, ಫೋನ್ ಚಾರ್ಜ್ ಮಾಡುತ್ತದೆ, ಆಮೇಲೆ ಟಿವಿ. ಪಂಪು, ಫ್ರಿಜ್ಜು, ವೆಲ್ಡಿಂಗ್ ಯಂತ್ರಕ್ಕೆ ಬೇರೆ ಹಣ ಬೇಕು, ಮಾರುಕಟ್ಟೆ ಬೇಕು. ಅಮೆರಿಕದಲ್ಲಿ 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತ ಶುರುವಾದಾಗ ಸುಮಾರು ಹತ್ತರಲ್ಲಿ ಒಂದು ಹೊಲಮನೆಗೆ ಮಾತ್ರ ಕರೆಂಟು ಇತ್ತು. ಹತ್ತರಲ್ಲಿ ಒಂಬತ್ತಕ್ಕೆ ಮುಟ್ಟಲು 1950ರ ದಶಕ ಬಂತು. ಬ್ರೆಜಿಲ್‌ನ 1960ರಿಂದ 2000ರವರೆಗಿನ ನಾಲ್ಕು ದಶಕ ನೋಡಿದ ಅಧ್ಯಯನ ಮನೆಗಳ ಬೆಲೆಯಲ್ಲೂ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲೂ ದೊಡ್ಡ ಏರಿಕೆ ಕಂಡಿತು. ಅಲ್ಪಕಾಲದ ಅಧ್ಯಯನ ಸಣ್ಣ ಫಲ ಹೇಳುವುದು, ದೀರ್ಘಕಾಲದ್ದು ದೊಡ್ಡ ಫಲ ಹೇಳುವುದು, ಎರಡೂ ಒಟ್ಟಿಗೆ ನಿಜ ಇರಬಹುದು.

ಬಜೆಟ್ಟಿನ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಎಲ್ಲ ಹಳ್ಳಿಗೂ ಒಂದೇ ಉತ್ತರ ಇಲ್ಲ ಎಂದು ಒಪ್ಪಬೇಕು.

ತೂಗುತಕ್ಕಡಿ

ಸರಿ, ಒಪ್ಪಿದೆ. ಆದರೂ ಕಂದೀಲು ಅವರಿಗೆ ಹಣದ ಅಂಕಿ ಒಂದು ಬೇಕು. ಬಡವರು ಹೇಳುವ ಬೆಲೆ ನಂಬುವಂತಿಲ್ಲ ಎಂದ ಮೇಲೆ ಅದನ್ನು ಹೇಗೆ ತೆಗೆಯುವುದು?

ಅಳತೆಗೋಲು

ಬೆಳಕಿನಿಂದ ಶುರು ಮಾಡಬಹುದು. ಅಲ್ಲಿ ಜನ ಈಗಾಗಲೇ ಖರ್ಚು ಮಾಡುತ್ತಿದ್ದಾರೆ. ಹಾಗಾಗಿ ಅವರ ಬಾಯಿಮಾತಿನ ಬೆಲೆ ಬೇಕಾಗಿಲ್ಲ.

ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ. ಬತ್ತಿಯ ಬುಡ್ಡಿದೀಪ ಕೊಡುವ ಬೆಳಕು ಸುಮಾರು 10 ಲ್ಯೂಮೆನ್. ಹಳೆಯ 60 ವಾಟಿನ ಬಲ್ಬು 700 ಲ್ಯೂಮೆನ್‌ಗಿಂತ ಹೆಚ್ಚು ಕೊಡುತ್ತದೆ. ಅಷ್ಟೇ ಬೆಳಕನ್ನು ಇವತ್ತಿನ ಎಲ್‌ಇಡಿ 10 ವಾಟಿನ ಆಸುಪಾಸಿನಲ್ಲಿ ಕೊಡುತ್ತದೆ. ಮನೆಯವರು ಸೀಮೆಎಣ್ಣೆಗೆ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಾರೆ, ಎಷ್ಟು ಗಂಟೆ ಉರಿಸುತ್ತಾರೆ ಎಂದು ಕೇಳಿದರೆ ಒಂದು ಪಾಲು ಬೆಳಕಿನ ಬೆಲೆ ಸಿಗುತ್ತದೆ. ಕರೆಂಟು ಬಂದ ಮೇಲೆ ಅದೇ ಪಾಲಿನ ಬೆಲೆ ತೀರಾ ಕೆಳಗೆ ಬೀಳುತ್ತದೆ. ಜನ ಬಳಸುವ ಬೆಳಕು ಹತ್ತಾರು ಪಟ್ಟು ಏರುತ್ತದೆ.

ಈಗ ಲಾಭ ಎಷ್ಟು? ಎರಡು ತುಂಡು. ಮೊದಲಿನಷ್ಟೇ ಬೆಳಕಿಗೆ ಈಗ ಕಡಿಮೆ ಖರ್ಚು, ಅದು ನೇರ ಉಳಿತಾಯ. ಇನ್ನೊಂದು, ಬೆಲೆ ಇಳಿದದ್ದರಿಂದ ಹೆಚ್ಚಿಗೆ ಬಳಸಿದ ಬೆಳಕು. ಅದರಲ್ಲಿ ಕೊಡಲು ಒಪ್ಪುತ್ತಿದ್ದದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರ ಲಾಭ. ಈ ಎರಡನೇ ತುಂಡಿನಲ್ಲೇ ಎಚ್ಚರ ಬೇಕು. ನಮ್ಮ ಕೈಯಲ್ಲಿ ಇರುವುದು ಎರಡೇ ಬಿಂದು. ಮೊದಲಿನ ಬೆಲೆ ಮತ್ತು ಬಳಕೆ, ನಂತರದ ಬೆಲೆ ಮತ್ತು ಬಳಕೆ. ನಡುವೆ ನೇರ ಗೆರೆ ಎಳೆದರೆ ಲಾಭ ಭಾರೀ ದೊಡ್ಡದಾಗಿ ಕಾಣುತ್ತದೆ. ಒಳಕ್ಕೆ ಬಾಗಿದ ಗೆರೆ ಎಳೆದರೆ ಬಹಳ ಸಣ್ಣದಾಗುತ್ತದೆ. ನಿಜವಾದ ಬೇಡಿಕೆ ಬಾಗಿಯೇ ಇರುತ್ತದೆ. ಕೋಣೆಗೆ ಬಂದ ಮೊದಲ ಬೆಳಕಿಗೆ ಇರುವ ಬೆಲೆ ಐದನೇ ಬಲ್ಬಿಗೆ ಇರುವುದಿಲ್ಲ. ವಿಶ್ವಬ್ಯಾಂಕ್‌ನ ಮೌಲ್ಯಮಾಪನ ವಿಭಾಗ 2008ರಲ್ಲಿ ಹಳೆಯ ಯೋಜನೆಗಳನ್ನು ಮತ್ತೆ ನೋಡಿದಾಗ ಈ ಗೆರೆಯ ವಿಷಯದಲ್ಲೇ ಎಚ್ಚರಿಕೆ ಹೇಳಿತು.

ಇನ್ನೊಂದು, ಒಂದೇ ಲಾಭವನ್ನು ಎರಡು ಸಲ ಎಣಿಸುವುದು. ಫಿಲಿಪ್ಪೀನ್ಸ್‌ನಲ್ಲಿ 2002ರಲ್ಲಿ ವಿಶ್ವಬ್ಯಾಂಕ್ ಬೆಂಬಲದಿಂದ ಬಂದ ಅಧ್ಯಯನ ಈ ದಾರಿಯಲ್ಲಿ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು. ಬೆಳಕು, ರೇಡಿಯೊ ಟಿವಿ, ಮಕ್ಕಳ ಓದು, ಮನೆಕೆಲಸದಲ್ಲಿ ಉಳಿದ ಸಮಯ, ಮನೆಯಲ್ಲೇ ನಡೆಸುವ ವ್ಯಾಪಾರ, ಒಂದೊಂದಕ್ಕೂ ಹಣದ ಬೆಲೆ ಕಟ್ಟಿ, ಮನೆಯೊಂದಕ್ಕೆ ತಿಂಗಳಿಗೆ 81ರಿಂದ 150 ಡಾಲರ್ ಲಾಭ ಎಂದಿತು. ಆಗ "ಸಾಮಾಜಿಕ ಲಾಭವನ್ನು ಅಳೆಯಲಾಗದು" ಎನ್ನುತ್ತಿದ್ದವರಿಗೆ ಅದು ಒಳ್ಳೆಯ ಉತ್ತರ. ಆ ಧೈರ್ಯ ನನಗೆ ಇಷ್ಟ. ಆದರೆ ಮಗು ಓದುವುದು ಬೆಳಕಿನಲ್ಲಿ ತಾನೇ? ಬೆಳಕಿಗೆ ಒಂದು ಬೆಲೆ, ಆ ಬೆಳಕಿನಲ್ಲಿ ಓದಿದ್ದಕ್ಕೆ ಇನ್ನೊಂದು ಬೆಲೆ ಸೇರಿಸುವಾಗ ಹುಷಾರಾಗಿರಬೇಕು. ಕರೆಂಟು ಇರುವ ಮನೆಯ ಮಕ್ಕಳು ಜಾಸ್ತಿ ವರ್ಷ ಓದುತ್ತಾರೆ ಎಂಬುದರಲ್ಲೂ ಹೆತ್ತವರ ಸ್ಥಿತಿಯ ಪಾಲು ಇರುತ್ತದೆ.

ಎರಡನೇಪಾಳಿ

ನಾನು ಆರೋಗ್ಯ ಕೇಂದ್ರದಲ್ಲಿ ದಾದಿ. ಇಲ್ಲಿಯವರೆಗಿನ ಮಾತೆಲ್ಲ ಮನೆಗಳ ಬಗ್ಗೆಯೇ ಇದೆ. ಮನೆ ಮನೆ ಸಮೀಕ್ಷೆಯಲ್ಲಿ ನಮ್ಮ ಕೇಂದ್ರ ಎಲ್ಲಿ ಬರುತ್ತದೆ?

ಟಾರ್ಚ್ ಹಿಡಿದು ಹೆರಿಗೆ ಮಾಡಿಸಿದವರಿಗೆ ಕರೆಂಟು ಏನು ಎಂದು ಹೇಳಬೇಕಾಗಿಲ್ಲ. ಒಂದು ಕೈ ಬೆಳಕಿಗೇ ಹೋಗುತ್ತದೆ. ಹೆರಿಗೆಯ ನಂತರ ರಕ್ತ ಎಷ್ಟು ಹೋಗುತ್ತಿದೆ ಎಂದು ಕತ್ತಲಲ್ಲಿ ಅಂದಾಜು ಮಾಡುವುದು ತುಂಬ ಕಷ್ಟ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಆಮ್ಲಜನಕದ ಯಂತ್ರ, ಮಗುವನ್ನು ಬೆಚ್ಚಗಿಡುವ ವಾರ್ಮರ್, ಉಪಕರಣ ಶುಚಿ ಮಾಡುವ ಯಂತ್ರ, ಎಲ್ಲಕ್ಕೂ ನಿಲ್ಲದ ಕರೆಂಟು ಬೇಕು. ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 100 ಕೋಟಿ ಜನ, ಕರೆಂಟೇ ಇಲ್ಲದ ಅಥವಾ ನಂಬಲಾಗದ ಆಸ್ಪತ್ರೆಗಳನ್ನು ಅವಲಂಬಿಸಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಯ ಸಂಸ್ಥೆಗಳು 2023ರಲ್ಲಿ ಹೇಳಿದವು.

ಕೇಂದ್ರಕ್ಕೆ ಬರುವ ತಾಯಿಯ ಮನೆಗೆ ಸಂಪರ್ಕ ಇಲ್ಲದೆ ಇರಬಹುದು. ನಿಮ್ಮ ಹಾಳೆಯಲ್ಲಿ ಅವಳು "ಕರೆಂಟು ಇಲ್ಲದವಳು". ಆದರೆ ಕರೆಂಟಿನಿಂದ ಜೀವ ಉಳಿದದ್ದು ಅವಳದೇ. ಇಂಥವರನ್ನು ಹೋಲಿಕೆಯ ಗುಂಪಿಗೆ ಹಾಕಿದರೆ ನಿಮ್ಮ ಲೆಕ್ಕ ತಲೆಕೆಳಗಾಗುತ್ತದೆ.

ಕೇಂದ್ರದ ದಾಖಲೆಗಳನ್ನೇ ನೋಡಿ. ರಾತ್ರಿ ಎಷ್ಟು ಹೆರಿಗೆ ಅಲ್ಲೇ ಆಯಿತು, ಎಷ್ಟನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಫ್ರಿಜ್ಜಿನ ತಾಪಮಾನದ ಪುಸ್ತಕ. ಎಷ್ಟು ಲಸಿಕೆ ಕೆಟ್ಟು ಎಸೆದರು. ದಾದಿ ಅದೇ ಊರಲ್ಲಿ ಉಳಿದುಕೊಳ್ಳುತ್ತಿದ್ದಾರಾ, ಸಂಜೆ ಹೊರಟುಬಿಡುತ್ತಾರಾ. ಕೊನೆಯದು ಸಣ್ಣ ವಿಷಯದಂತೆ ಕಾಣುತ್ತದೆ. ಕತ್ತಲ ವಸತಿಯಲ್ಲಿ ಒಬ್ಬಳೇ ಇರಲು ಯಾವ ದಾದಿಗೆ ಇಷ್ಟ?

ಹಗಲುರಾತ್ರಿ

ಎರಡನೇಪಾಳಿ ಅವರ ಮಾತಿಗೆ ನನ್ನ ಪೂರ್ತಿ ಬೆಂಬಲ. ನಾನು ಹೆಂಗಸರ ಸಮಯ ಬಳಕೆಯ ಸಮೀಕ್ಷೆಗಳಲ್ಲಿ ಕೆಲಸ ಮಾಡಿದ್ದೇನೆ. ಇಡೀ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಇದು.

"ಕರೆಂಟು ಬಂದ ಮೇಲೆ ಸಮಯ ಉಳಿತಾಯ ಆಯಿತಾ?" ಎಂದು ಕೇಳಬೇಡಿ. ಆಯಿತು ಎನ್ನುತ್ತಾರೆ, ಮುಗಿಯಿತು. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಅರ್ಧ ಗಂಟೆ ಅರ್ಧ ಗಂಟೆಯಂತೆ ಬರೆಸಿ. ನೀರು ಸೇದಿದ್ದು, ಸೌದೆ ತಂದದ್ದು, ಬೀಸಿದ್ದು, ಮಗು ನೋಡಿಕೊಳ್ಳುತ್ತಾ ಅಡುಗೆ ಮಾಡಿದ್ದು, ಎಲ್ಲ ಬರಲಿ. ಆಗ ಕಾಣುವ ಸತ್ಯ ಒಂದೇ ತರಹ ಇರುವುದಿಲ್ಲ. ಕೆಲವು ಮನೆಯಲ್ಲಿ ಪಂಪು, ಗಿರಣಿ ಬಂದು ಹೆಂಗಸಿಗೆ ಗಂಟೆಗಟ್ಟಲೆ ಬಿಡುವು ಸಿಕ್ಕಿರುತ್ತದೆ. ಇನ್ನು ಕೆಲವು ಮನೆಯಲ್ಲಿ ಬೆಳಕಿದೆ ಎಂದು ರಾತ್ರಿ ಹತ್ತರವರೆಗೂ ಕೆಲಸ ಎಳೆದಿರುತ್ತದೆ. ಎರಡನ್ನೂ "ಉತ್ಪಾದಕ ಸಮಯ ಹೆಚ್ಚಿತು" ಎಂದು ಒಂದೇ ಸಾಲಿನಲ್ಲಿ ಬರೆದರೆ ಅದು ಆ ಹೆಂಗಸಿಗೆ ಮಾಡುವ ಅನ್ಯಾಯ. ಅವಳ ನಿದ್ದೆ ಎಷ್ಟು ಗಂಟೆ ಎಂದು ಕೇಳಿ. ನಿದ್ದೆ ಕಡಿಮೆಯಾಗಿದ್ದರೆ ಅದನ್ನು ಲಾಭದಿಂದ ಕಳೆಯಬೇಕು.

ಮೊದಲ ಬಲ್ಬು ಎಲ್ಲಿ ಹಾಕಿದರು ಎಂದೂ ಕೇಳಿ. ಪಡಸಾಲೆಗಾ, ಅಡುಗೆಮನೆಗಾ? ಒಂದೇ ಪ್ರಶ್ನೆ, ಆದರೆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತೋರಿಸುತ್ತದೆ. ಉತ್ತರ ಕೊಡುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಯಜಮಾನನನ್ನು ಮಾತ್ರ ಕೇಳಿದರೆ ಅರ್ಧ ಮನೆಯ ಲೆಕ್ಕ ಬಂದಂತೆ.

ಹೊಗೆಯ ವಿಷಯದಲ್ಲಿ ಅತಿಯಾಗಿ ಹೇಳಬೇಡಿ. ಕರೆಂಟು ಬಂದರೂ ಅಡುಗೆ ಸೌದೆಯಲ್ಲೇ ನಡೆಯುತ್ತಿದ್ದರೆ ಒಲೆಯ ಹೊಗೆ ಹಾಗೇ ಇರುತ್ತದೆ. ಹೋಗುವುದು ಸೀಮೆಎಣ್ಣೆಯ ಹೊಗೆ. ಅದೇನೂ ಕಡಿಮೆ ಅಲ್ಲ. ಎಲ್ ಸಾಲ್ವಡಾರ್‌ನಲ್ಲಿ ಮನೆಯೊಳಗೆ ಯಂತ್ರ ಇಟ್ಟು ರಾತ್ರಿಯ ಗಾಳಿ ಅಳೆದ ಪ್ರಯೋಗದಲ್ಲಿ ಸೂಕ್ಷ್ಮ ಕಣಗಳು ಸುಮಾರು ಮೂರರಲ್ಲಿ ಎರಡು ಪಾಲು ಇಳಿದಿದ್ದವು. ಪುಟ್ಟ ಮಕ್ಕಳ ಉಸಿರಾಟದ ಸೋಂಕೂ ತಗ್ಗಿತ್ತು.

ಯಾರೂ ಎಣಿಸದ ಲಾಭಗಳೂ ಇವೆ. ಭಾರತದ ಹಳ್ಳಿಗಳಿಗೆ ಕೇಬಲ್ ಟಿವಿ ಬಂದದ್ದರ ಬಗ್ಗೆ ರಾಬರ್ಟ್ ಜೆನ್ಸೆನ್ ಮತ್ತು ಎಮಿಲಿ ಆಸ್ಟರ್ 2009ರಲ್ಲಿ ಬರೆದರು. ಹೆಂಡತಿಗೆ ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾದರು, ಗಂಡು ಮಗುವೇ ಬೇಕು ಎನ್ನುವುದೂ ಇಳಿಯಿತು. ಟಿವಿಯನ್ನು "ಮನರಂಜನೆ" ಎಂಬ ಖಾನೆಗೆ ಹಾಕಿ ಮರೆತುಬಿಡುವವರು ಇದನ್ನು ಗಮನಿಸಬೇಕು.

ಸಂಜೆಶಾಲೆ

ಶಿಕ್ಷಕನಾಗಿ ಒಂದು ಮಾತು. ಓದಿದ ಗಂಟೆಯನ್ನೂ ಕಲಿತದ್ದನ್ನೂ ಬೇರೆ ಬೇರೆ ಅಳೆಯಿರಿ. ಉಗಾಂಡಾದಲ್ಲಿ ಮಕ್ಕಳಿಗೆ ಸೌರ ದೀಪ ಕೊಟ್ಟ ಪ್ರಯೋಗದಲ್ಲಿ ಮಕ್ಕಳು ಜಾಸ್ತಿ ಹೊತ್ತು ಓದಿದೆವು ಎಂದರು. ಪರೀಕ್ಷೆಯ ಅಂಕ ಏರಲಿಲ್ಲ, ಬದಲಿಗೆ ಸ್ವಲ್ಪ ಇಳಿಯಿತು. ಸಂಜೆ ಓದು ಹೆಚ್ಚಿದರೆ, ಹಗಲಿನ ಓದು ಅಲ್ಲಿಗೆ ಸರಿದಿದೆಯಾ ಎಂದೂ ನೋಡಬೇಕು.

ಹುಡುಗ ಹುಡುಗಿಯರ ಗಂಟೆಗಳನ್ನು ಬೇರೆ ಬೇರೆ ಬರೆದುಕೊಳ್ಳಿ. ಸಂಜೆಯ ಬೆಳಕಿನಿಂದ ನಿಜವಾಗಿ ಉಪಯೋಗ ಆಗುವುದು ಹಗಲೆಲ್ಲ ಮನೆಕೆಲಸದಲ್ಲಿ ಇರುವ ಹುಡುಗಿಗೆ. ಸರಾಸರಿಯಲ್ಲಿ ಅವಳು ಕಾಣುವುದಿಲ್ಲ.

ಲೈನ್‌ಕಂಬ

ಹಗಲುರಾತ್ರಿ ಮೇಡಂ ಕಳೆಯುವ ಲೆಕ್ಕ ಎತ್ತಿದ್ದು ಒಳ್ಳೆಯದಾಯಿತು. ನನ್ನ ಕಡೆಯಿಂದಲೂ ಸೇರಿಸಿ. ಶಾಕ್ ಹೊಡೆದು ಸತ್ತ ಜನ, ದನ. ಅರ್ಥಿಂಗ್ ಇಲ್ಲದ ವೈರಿಂಗ್‌ನಿಂದ ಹೊತ್ತಿದ ಬೆಂಕಿ. ಬಿಲ್ಲು ಕಟ್ಟಲಾಗದೆ ಸಂಪರ್ಕ ಕಡಿತವಾದ ಮನೆಗಳು. ಪಂಪು ಬಂದ ಮೇಲೆ ಬಾವಿಯ ನೀರು ಎಷ್ಟು ಕೆಳಗೆ ಹೋಯಿತು ಎಂಬುದು. ಇವನ್ನು ಬರೆಯದ ವರದಿ ಅರ್ಧ ವರದಿ. ಸಂಪರ್ಕದ ಪಟ್ಟಿಯಲ್ಲಿ ಒಮ್ಮೆ ಸೇರಿದ ಮನೆ, ಕಡಿತವಾದ ಮೇಲೂ ಪಟ್ಟಿಯಲ್ಲೇ ಉಳಿಯುವುದನ್ನು ನಾನು ಕಂಡಿದ್ದೇನೆ. ಹಾಗಾಗಿ ಕಚೇರಿಯ ಪಟ್ಟಿ ನಂಬಬೇಡಿ. ಮೀಟರ್ ತಿರುಗುತ್ತಿದೆಯಾ ಎಂದು ಹೋಗಿ ನೋಡಿ.

ತೂಗುತಕ್ಕಡಿ

ತಂತಿಯ ಕೆಳಗೇ ಇದ್ದು ಸಂಪರ್ಕ ಇಲ್ಲದವರನ್ನೂ ಬಿಡಬೇಡಿ. ಕೆನ್ಯಾದಲ್ಲೇ ಇನ್ನೊಂದು ಎಣಿಕೆ ಆಗಿತ್ತು. ಟ್ರಾನ್ಸ್‌ಫಾರ್ಮರ್ ಬಂದ ಊರುಗಳಲ್ಲೂ ಸಂಪರ್ಕ ಪಡೆದ ಮನೆ ಶೇ 5ರಷ್ಟು ಮಾತ್ರ. ಸಂಪರ್ಕ ಇಲ್ಲದ ಮನೆಗಳಲ್ಲಿ ಅರ್ಧದಷ್ಟು, ಲೈನಿನಿಂದ 200 ಮೀಟರ್ ಒಳಗೇ ಇದ್ದವು. ದೊಡ್ಡ ಖರ್ಚು ಆಗಲೇ ಆಗಿಹೋಗಿದೆ. ಕೊನೆಯ ಕೆಲವು ಮೀಟರ್ ತಂತಿಗೆ ಹಣ ಇಲ್ಲದೆ ಅದು ವ್ಯರ್ಥ. ಬಜೆಟ್ ನೋಡುವವನಿಗೆ ಇದಕ್ಕಿಂತ ಹೊಟ್ಟೆ ಉರಿಸುವ ವಿಷಯ ಬೇರೆ ಇಲ್ಲ. ಹಣ ಕೊಡುವವರಿಗೆ ಈ ಅಂಕಿಯನ್ನು ತಪ್ಪದೆ ತೋರಿಸಿ.

ಕಂದೀಲು

ಎಲ್ಲರಿಗೂ ತುಂಬ ಧನ್ಯವಾದ. ನಿಮ್ಮ ಮಾತುಗಳನ್ನು ನಮ್ಮ ತಂಡದ ಮುಂದೆ ಇಟ್ಟೆ. ಕೆಲವು ತೀರ್ಮಾನ ಆಗಿವೆ.

ಹಣದ ಅಂಕಿಯನ್ನು ಬೆಳಕಿಗೆ ಮತ್ತು ಸೀಮೆಎಣ್ಣೆ, ಫೋನ್ ಚಾರ್ಜಿಂಗ್ ಉಳಿತಾಯಕ್ಕೆ ಮಾತ್ರ ಕೊಡುತ್ತೇವೆ. ಬಾಗಿದ ಗೆರೆಯ ಲೆಕ್ಕವನ್ನೇ ಹಾಕುತ್ತೇವೆ, ಅಂಕಿ ಸಣ್ಣದಾದರೂ ಸರಿ. ಹೆಂಗಸರ ಸಮಯ, ಆರೋಗ್ಯ ಕೇಂದ್ರ, ಕಲಿಕೆ, ಇವನ್ನು ಹಣಕ್ಕೆ ತಿರುಗಿಸದೆ ಗಂಟೆ, ಹೆರಿಗೆ, ಅಂಕಗಳಲ್ಲೇ ಹೇಳುತ್ತೇವೆ. ಓದುವವರು ತಾವೇ ತೂಗಿ ನೋಡಲಿ. ಪ್ರತಿ ಮನೆಯಲ್ಲೂ ಒಬ್ಬ ಹೆಂಗಸಿನ ಜೊತೆ ಬೇರೆಯಾಗಿ ಮಾತಾಡಲು ಮಹಿಳಾ ಸಮೀಕ್ಷಕರನ್ನೇ ಕಳಿಸುತ್ತೇವೆ. ಹಂತಗಳ ಕ್ರಮವನ್ನು ಚೀಟಿ ಎತ್ತಿ ಮಾಡಲು ವಿತರಣೆಯವರು ಒಪ್ಪಲಿಲ್ಲ. ಆದರೆ ಯಾವ ಹಳ್ಳಿಗೆ ಯಾವಾಗ ಎಂಬ ಪಟ್ಟಿಯನ್ನೂ, ಅದಕ್ಕೆ ಕಾರಣವನ್ನೂ ಬರೆದು ಕೊಡುತ್ತೇವೆ ಎಂದಿದ್ದಾರೆ.

ಒಂದು ಕೇಳುವುದು ಉಳಿದಿದೆ. ಮೊದಲ ಸುತ್ತಿನಲ್ಲಿ ಮಾತಾಡಿಸಿದ ಕೆಲವು ಮನೆಯವರು ಎರಡನೇ ಸುತ್ತಿನ ಹೊತ್ತಿಗೆ ಊರು ಬಿಟ್ಟಿರಬಹುದು. ದುಡಿಯಲು ಹೋಗುವವರು ಜಾಸ್ತಿ. ಅವರ ಬದಲು ಪಕ್ಕದ ಮನೆಯನ್ನು ತೆಗೆದುಕೊಳ್ಳಬಹುದಾ?

ಅಳತೆಗೋಲು

ಬೇಡ, ಪಕ್ಕದ ಮನೆ ಬೇಡ. ಊರು ಬಿಟ್ಟವರು ಯಾರು, ಉಳಿದವರು ಯಾರು ಎಂಬುದೇ ಕರೆಂಟಿನ ಫಲದ ಒಂದು ಭಾಗ. ಕರೆಂಟು ಬಂದ ಹಳ್ಳಿಯಿಂದ ವಲಸೆ ಕಡಿಮೆಯಾಗಿದ್ದರೆ ಅದು ನಿಮಗೆ ಗೊತ್ತಾಗಬೇಕು. ಹೆಚ್ಚಾಗಿದ್ದರೂ ಗೊತ್ತಾಗಬೇಕು. ಮೊದಲ ಸುತ್ತಿನಲ್ಲೇ, ಅವರ ಒಪ್ಪಿಗೆ ಪಡೆದು, ಫೋನ್ ನಂಬರ್ ಜೊತೆಗೆ ಊರಲ್ಲೇ ಇರುವ ಒಬ್ಬ ನೆಂಟರ ನಂಬರ್ ಬರೆದುಕೊಳ್ಳಿ. ಹೋದವರಿಗೆ ಫೋನಿನಲ್ಲೇ ಸಣ್ಣ ಪ್ರಶ್ನಾವಳಿ ಸಾಕು. ಸಿಗದವರನ್ನು ಸಿಗಲಿಲ್ಲ ಎಂದೇ ಬರೆಯಿರಿ, ಎರಡೂ ಗುಂಪಿನಲ್ಲಿ ಎಷ್ಟೆಷ್ಟು ಎಂದು ಬೇರೆ ಬೇರೆ.

ಹಗಲುರಾತ್ರಿ

ಮದುವೆಯಾಗಿ ಹೋದ ಹುಡುಗಿಯರನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ ಕಂದೀಲು ಅವರೇ. ಮನೆಯ ಲೆಕ್ಕದಿಂದ ಮೊದಲು ಬಿಟ್ಟುಹೋಗುವುದು ಅವರ ಹೆಸರೇ. ಎಷ್ಟನೇ ತರಗತಿಯವರೆಗೆ ಓದಿ ಹೋದರು, ಎಷ್ಟನೇ ವಯಸ್ಸಿಗೆ ಹೋದರು, ಇಷ್ಟು ಬರೆದುಕೊಂಡರೂ ಸಾಕು. ಸಮಯ ಬಳಕೆಯ ಹಾಳೆಯ ಒಂದು ಮಾದರಿ ನನ್ನ ಬಳಿ ಇದೆ. ಓದು ಬರಹ ಬಾರದವರಿಗೂ ಚಿತ್ರ ತೋರಿಸಿ ಕೇಳುವಂತೆ ಮಾಡಿದ್ದು. ಬೇಕಿದ್ದರೆ ಹೇಳಿ, ಕಳಿಸುತ್ತೇನೆ.

ಕಂದೀಲು

ಖಂಡಿತ ಬೇಕು ಮೇಡಂ. ಸಮೀಕ್ಷಕರ ತರಬೇತಿಗೆ ಮೊದಲೇ ಸಿಕ್ಕರೆ ಅದನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿಸುತ್ತೇವೆ.